ಆಟಗಾರನ ಬಾಯಿಂದಲೇ ಕೇಳಿದ್ದು

...ಅಯ್ಯೋ, ಅದೇನು ಬೆಟ್ಟ ಹೊರೋ ಕೆಲಸವೇನೋ ಉದ್ದಣ್ಣ? ಫೋನು ನಾನೇ ಹಿಡ್ಕೊಂಡಿರ್ತೀನಿ. ನಾನು ಇಟ್ಟ ‘ಉದ್ದಣ್ಣ’ ಅಲ್ಲ, ನಿಮ್ಮ ದೇಶದಲ್ಲಿ ಕರೆಯೋ ನಿನ್ನ ಪೂರ್ತಿ ಹೆಸರು ಮೂರು ಸಲ ಹೇಳು, ಸಾಕು. ಆಮೇಲೆ ಬೂಟಿನ ದಾರ ಕಟ್ಕೋ, ಕಾಲಿಗೆ ಪಟ್ಟಿ ಸುತ್ಕೋ, ಏನಾದ್ರೂ ಮಾಡ್ಕೋ. ಆಟ ಶುರುವಾಗೋಕೆ ಇನ್ನೂ ಎರಡು ಗಂಟೆ ಇದೆ. ಉಳಿದವರೆಲ್ಲ ಮೈದಾನ ನೋಡೋಕೆ ಹೋಗಿದ್ದಾರೆ, ಈ ಕೋಣೇಲಿ ನಾವಿಬ್ಬರೇ. ನಾಚಿಕೆ ಯಾಕೆ?

ಹೂಂ. ಹೇಳು.

...ಆ ಹುಬ್ಬು ಯಾಕೆ ಮೇಲೆ ಹೋಯ್ತು? ಹಳೇ ರೆಕಾರ್ಡಿಂಗ್ ಏನಾಯ್ತು ಅಂತಾನಾ? ಆಗಲೇ ಹೇಳಿದ್ನಲ್ಲಪ್ಪ, ಫೋನು ನೀರಿಗೆ ಬಿತ್ತು ಅಂತ! ಮುಖ ತೊಳೀತಿದ್ದೆ, ಜೇಬಿಂದ ಜಾರಿ ಬಕೆಟ್ಟಿಗೆ ಡುಬುಕ್! ಮೂರು ವರ್ಷದ ಸಂಪಾದನೆ. ನಾನೂರ ಹನ್ನೆರಡು ಆಟಗಾರರ ದನಿ, ಎಲ್ಲ ಹೋಯ್ತು. 

ನಗ್ತೀಯಾ? ನಗು ನಗು. ಈ ಫುಟ್‌ಬಾಲ್ ಲೀಗಿನಲ್ಲಿ ನನ್ನನ್ನ ‘ಹೆಸರು ಮೇಷ್ಟ್ರು’ ಅಂತ ಸುಮ್ಮನೆ ಕರೀತಾರಾ? ಇಂಗ್ಲಿಷ್ ಕಾಮೆಂಟ್ರಿ ಹೇಳೋ ಆ ದೊಡ್ಡ ಗಂಟಲಿನ ಸಾಹೇಬ್ರು ಇದ್ದಾರಲ್ಲ, ನಾನು ಬರೋಕೆ ಮುಂಚೆ ಅವರ ಬಾಯಲ್ಲಿ ಹೊರದೇಶದ ಹೆಸರು ಅಂದ್ರೆ ಹಲ್ಲಿಲ್ಲದವನ ಬಾಯಲ್ಲಿ ಕಡಲೆ ಇದ್ದಂಗೆ! ನುಂಗೋಕೂ ಆಗಲ್ಲ, ಉಗಿಯೋಕೂ ಆಗಲ್ಲ. ನಿಮ್ಮ ಗೋಲ್‌ಕೀಪರ್ ಹೆಸರು ಗೊತ್ತಲ್ಲ, ಐದು ವ್ಯಂಜನ ಒಂದರ ಬೆನ್ನ ಮೇಲೆ ಒಂದು ಕೂತಿವೆ, ನಡುವೆ ಒಂದು ಸ್ವರಕ್ಕೂ ಜಾಗ ಇಲ್ಲ. ಸಾಹೇಬ್ರು ಅದರೊಳಗೆ ಹೊಕ್ಕರೆ ಕೆಸರಲ್ಲಿ ಸಿಕ್ಕ ಎತ್ತು. ಕೊನೆಗೆ ‘ಗೋಲ್‌ಕೀಪರ್’ ಅಂದು ತಪ್ಪಿಸಿಕೊಳ್ತಿದ್ದರು.

ಅವರನ್ನ ತಿದ್ದಿದ್ದು ಯಾರು? ಕುರಿ ಕಾಯ್ಕೊಂಡಿದ್ದ ನಾನು! ಊರಲ್ಲಿ ನಲವತ್ತು ಕುರಿ, ಕತ್ತಲಲ್ಲಿ ಒಂದು ಕೆಮ್ಮಿದರೂ ಯಾವುದು ಅಂತ ಹೇಳ್ತಿದ್ದೆ. ಬಸ್ ಕಂಡಕ್ಟರು, ಹೆಡ್‌ಮಾಸ್ಟರು, ನಮ್ಮ ಸೋದರಮಾವನ ಸೀನು... ಒಂದು ಸಲ ಕಿವಿಗೆ ಬಿದ್ದರೆ ಸಾಕು, ಹಂಗೇ ನನ್ನ ಬಾಯಲ್ಲಿ ಬರ್ತಿತ್ತು. ಇಲ್ಲಿ ಕೇಬಲ್ ಹೊರೋ ಕೆಲಸಕ್ಕೆ ಸೇರಿದವನು. ಒಂದು ದಿನ ಸಾಹೇಬ್ರು ಹೆಸರು ಕೆಡಿಸಿದಾಗ ಮೂಲೆಯಿಂದ ನಾನು ಸರಿಯಾಗಿ ಹೇಳ್ದೆ. ಎಲ್ಲರೂ ನನ್ನ ಕಡೆ ತಿರುಗಿದರು! ಮಾರನೇ ದಿನ ಕೇಬಲ್ ಹೋಯ್ತು, ಕುರ್ಚಿ ಬಂತು.

ಮತ್ತೆ ಏನು ಕಲಿಸಿದೆ ಅಂತೀಯ? ಸಾಹೇಬ್ರೇ, ನೀವು ಅವರ ಹಾಗೇ ಮಾತಾಡೋಕೆ ಹೋಗಬೇಡಿ, ಅದು ನಾಟಕ ಆಗುತ್ತೆ, ಕೇಳೋರು ನಗ್ತಾರೆ. ನಿಮ್ಮ ಬಾಯಿ ನಿಮ್ಮದೇ ಇರಲಿ. ಆದರೆ ಆ ಹುಡುಗ ಚಿಕ್ಕವನಿದ್ದಾಗ ಅವನ ಅಮ್ಮ ಬಾಗಿಲಲ್ಲಿ ನಿಂತು ಕರೆದಳಲ್ಲ, ಅವಳು ಎಲ್ಲಿ ಎಳೆದಳೋ ಅಲ್ಲಿ ಎಳೀರಿ, ಎಲ್ಲಿ ಒತ್ತಿದಳೋ ಅಲ್ಲಿ ಒತ್ತಿ. ಅಮ್ಮ ಕೇಳಿದರೆ ‘ಇದು ನನ್ನ ಮಗ’ ಅನ್ನಬೇಕು. ಅಷ್ಟೇ ಕಾನೂನು! ಅದನ್ನ ಹಾಳೆ ಮೇಲೆ ಟೈಪ್ ಮಾಡಿ ಗೋಡೆಗೆ ಅಂಟಿಸಿದ್ದಾರೆ, ನೋಡಿದೀಯಲ್ಲ? ನನ್ನ...

...ಸರಿ. ಸರಿ, ಮುಖ ತಿರುಗಿಸಬೇಡ.

ಗೊತ್ತಾಯ್ತು ನನಗೆ. ಬೆಳಿಗ್ಗೆ ಜೆರ್ಸಿ ಒಗೆಯೋ ಅಜ್ಜ ಹೇಳಿದ. ನಿಮ್ಮಮ್ಮ ಹೋಗಿ... ಹನ್ನೊಂದು ದಿನ ಆಯ್ತಂತೆ. ಆ ಅಜ್ಜನ್ನ ಬಿಟ್ಟು ಒಬ್ಬರಿಗೂ ಹೇಳಿಲ್ಲವಲ್ಲೋ ನೀನು! ನನಗೆ ಹೇಳಬಾರದಿತ್ತಾ? ನಾನೇನು ಪರಕೀಯನಾ? ನಮ್ಮ ಭಾಷೇಲಿ ಬೈಯೋದು ನಿನಗೆ ಕಲಿಸಿದ್ದೇ ನಾನು.

ಅಜ್ಜ ಎಲ್ಲ ಹೇಳಿದ. ಅಮ್ಮನ ಕಣ್ಣು ಪೂರ್ತಿ ಮಂಜು ಅಂತ. ಟೀವಿ ಹಾಕಿದರೂ ಕಾಣ್ತಿರಲಿಲ್ಲವಂತೆ. ಅದಕ್ಕೆ ನಿಮ್ಮಕ್ಕ ಪ್ರತಿ ಆಟಕ್ಕೂ ಫೋನಲ್ಲಿ ಇಂಗ್ಲಿಷ್ ಕಾಮೆಂಟ್ರಿ ಹಾಕಿ ಕಿವಿ ಹತ್ತಿರ ಇಟ್ಟು ಹೊಲಿಗೆ ಕೆಲಸಕ್ಕೆ ಹೋಗ್ತಿದ್ದಳಂತೆ. ಅಮ್ಮನಿಗೆ ಇಂಗ್ಲಿಷಿನ ಗಂಧ ಗಾಳಿ ಇರಲಿಲ್ಲ. ತೊಂಬತ್ತು ನಿಮಿಷ... ಒಂದೇ ಒಂದು ಮಾತಿಗೆ ಕಾಯ್ತಾ ಕೂತಿರ್ತಿದ್ದಳಂತೆ. ಮಗನ ಹೆಸರಿಗೆ.

ಅದು ಬರಲೇ ಇಲ್ಲ ಅಂದ ಅಜ್ಜ.

ನೀನು ಗೋಲು ಹೊಡೆದಾಗ್ಲೂ ಬರಲಿಲ್ಲ. ಸಾಹೇಬ್ರು ಕಿರುಚಿ ಕಿರುಚಿ ಹೇಳಿದ ನಿನ್ನ ಹೆಸರು ಅವಳ ಕಿವಿಗೆ ಇನ್ಯಾರದೋ ಹೆಸರು. ನೀನು ಫೋನ್ ಮಾಡಿ ‘ಇವತ್ತು ಆಡಿದೆ ಅಮ್ಮ’ ಅಂದರೆ ಅವಳು, ‘ಸುಳ್ಳು ಯಾಕೆ ಹೇಳ್ತೀಯ ಮಗಾ, ಅಲ್ಲಿ ಪಾತ್ರೆ ತೊಳೀತಿದ್ದರೂ ಪರವಾಗಿಲ್ಲ, ಸುಳ್ಳು ಬೇಡ’ ಅಂತಿದ್ದಳಂತೆ. ಅಕ್ಕ ಎಷ್ಟು ಹೇಳಿದರೂ, ‘ನೀನೂ ಅವನ ಪರ’ ಅಂದಳಂತೆ. ಕೊನೇವರೆಗೂ...

ಏಯ್. ನನ್ನ ಹಂಗೆ ನೋಡಬೇಡ. ನಾನೇನು ಮಾಡ್ಲಿ? ಹೆಸರು ಹೇಗೆ ಹೇಳಬೇಕು ಅಂತ ಹಾಳೇಲಿ ನಾನು ಸರಿಯಾಗೇ ಬರೆದುಕೊಟ್ಟಿದ್ದೆ! ಹೇಳೋದು ಸಾಹೇಬ್ರು ತಾನೆ? ಆಮೇಲೆ ಆ ತಪ್ಪು ಹಬ್ಬಿಬಿಡ್ತು. ಇವರು ಹೇಳಿದ್ದನ್ನ ಬೇರೆ ದೇಶದವರು ಹೇಳಿದರು, ಅವರನ್ನ ಕೇಳಿ ಮಕ್ಕಳು ಆಡೋ ಕಂಪ್ಯೂಟರ್ ಆಟದಲ್ಲೂ ಹಾಕಿದರು. ಈಗ ಜಗತ್ತೆಲ್ಲ ಅದೇ ಹೇಳುತ್ತೆ. ನೀನೇ ಒಂದು ಸಂದರ್ಶನದಲ್ಲಿ ತಿದ್ದೋಕೆ ಹೋದೆಯಲ್ಲ, ಆ ಹೆಣ್ಣುಮಗಳು ನಕ್ಕು, ‘ನಿಮ್ಮ ಹೆಸರು ನೀವೇ ತಪ್ಪು ಹೇಳ್ತೀರಲ್ಲ’ ಅಂದಳು. ನೆನಪಿದೆಯಾ? ...ಇದೆ. ಇರದೇ ಇರುತ್ತಾ.

ಅದಕ್ಕೇ ಹೇಳ್ತಿರೋದು! ಇವತ್ತು ನಿನ್ನ ಕೊನೇ ಆಟ, ನಾಳೆ ವಿಮಾನ. ಇವತ್ತೊಂದು ದಿನ ತೊಂಬತ್ತು ನಿಮಿಷ ಸರಿಯಾಗಿ ಹೇಳಿಸ್ತೀನಿ. ಸಾಹೇಬ್ರ ಪಕ್ಕದಲ್ಲೇ ಕೂತು ತೊಡೆ ಚಿವುಟಿ ಹೇಳಿಸ್ತೀನಿ! ಕೇಳೋಕೆ...

ಹೌದು. ಗೊತ್ತು. ಕೇಳೋಕೆ ಅವಳಿಲ್ಲ.

ಆದರೂ ನಿಮ್ಮಕ್ಕ ಕೇಳಬಹುದಲ್ಲ... ಇಲ್ವಾ? ಹಾಕೋದೇ ಬಿಟ್ಟಳಾ?

ಹೋಗಲಿ. ನನಗೋಸ್ಕರ ಹೇಳು. ನನ್ನ ಹಾಳೇಲಿ ಒಂದು ಸಾಲು ತಪ್ಪಿದೆ ಅಂದ್ರೆ ನಿದ್ದೆ ಬರಲ್ಲ ಕಣೋ. ನಾನು ಎಷ್ಟು ಜೋಪಾನ ಅಂತ ನಿನಗೆ ಗೊತ್ತಿಲ್ಲ. ಇರು, ಗೋಲ್‌ಕೀಪರ್‌ದು ಕೇಳಿಸ್ತೀನಿ. ಅವನು ಬಂದ ಮೊದಲನೇ ದಿನದ್ದು, ಇದೇ ಬೆಂಚಿನ ಮೇಲೆ ಕೂರಿಸಿ ಹೇಳಿಸಿದ್ದು. ...ಕೇಳಿದೆಯಾ? ಹಿಂದೆ ನಲ್ಲಿ ನೀರಿನ ಸದ್ದು ಕೂಡ ಬಂದಿದೆ! ಮೂರು ಸಲ. ಹ್ಞಾ! ಹಿಂಗೇ ನೀನೂ...

...ಏನು?

ಓ. ಇದಾ... ಇದು ಬೇರೆ ಕಡೆ ಒಂದು ಕಾಪಿ ಇಟ್ಟಿದ್ದೆ. ಗೋಲ್‌ಕೀಪರ್‌ದು ಮಾತ್ರ. ಕಷ್ಟದ ಹೆಸರಲ್ವಾ, ಅದಕ್ಕೆ.

ಏಯ್, ಫೋನು ಕೊಡು. ಉದ್ದಣ್ಣ, ತಮಾಷೆ ಸಾಕು, ಕೊಡು ಇಲ್ಲಿ. ಅದರಲ್ಲಿ ನನ್ನ ಮನೆ ವಿಷಯ ಎಲ್ಲ ಇದೆ... ಬೆರಳು ಆಡಿಸಬೇಡ ಅಂದೆ! ಒಂದೊಂದು ತಂಡದ್ದೂ ಜೆರ್ಸಿ ನಂಬರಿನ ಪ್ರಕಾರ ಇಟ್ಟಿದ್ದೀನಿ, ಕಲಸಿಹೋಗುತ್ತೆ. ಒಂಬತ್ತು... ಹದಿನಾಲ್ಕು... ಹೌದು, ಇವೆ. ಎಲ್ಲ ಇವೆ. ನೀರಿಗೆ ಬಿದ್ದದ್ದು... ಬಿದ್ದಿತ್ತು, ಒಣಗಿಸಿದ ಮೇಲೆ ಸರಿಹೋಯ್ತು. ಹೇಳಬೇಕು ಅಂತಿದ್ದೆ.

ಸಾಕು, ನಿಲ್ಲಿಸು.

ಇಪ್ಪತ್ತೆರಡು ಆದಮೇಲೆ ಇಪ್ಪತ್ನಾಲ್ಕು. ಹೌದು. ನಿನ್ನ ಇಪ್ಪತ್ಮೂರು ಇಲ್ಲ. ಅಳಿಸಿಹೋಗಿರಬೇಕು. ಒಂದೊಂದು ಸಲ ತಾನೇ ತಾನಾಗಿ...

ಮಾತಾಡೋ! ಬೇಕಾದ್ರೆ ಬೈ. ಹಂಗೆ ಫೋನು ನೋಡ್ತಾ ಕೂತ್ಕೋಬೇಡ.

...ನಿನ್ನ ಹೆಸರು ಕೇಳೋಕೆ ನಾನು ಬರಲೇ ಇಲ್ಲ. ಅದು ನಿನಗೂ ಗೊತ್ತು.

ಆ ದಿನ ನೀನು ತಡವಾಗಿ ಬಂದು ಸೇರಿದವನು. ಐದು ಗಂಟೆಗೆ ಹಾಳೆ ಕಳಿಸಬೇಕಿತ್ತು, ನಿನ್ನ ಒಂದೇ ಸಾಲು ಬಾಕಿ. ಮೆಟ್ಟಿಲಿಳಿದು ಬಂದರೆ ನಾಲ್ಕು ನಿಮಿಷದ ದಾರಿ. ಆದರೆ ಮೇಲೆ ಕಾಮೆಂಟ್ರಿ ಕೋಣೆಗೆ ಚಾನೆಲ್ಲಿನ ದೊಡ್ಡವರು ಬಂದಿದ್ದರು, ಸಾಹೇಬ್ರು ನನ್ನ ತೋರಿಸಿ ‘ಇವನ ಕಿವಿ ನೋಡಿ’ ಅಂದರು. ನಾನು ಎಲ್ಲರ ದನಿ ಮಾಡಿ ತೋರಿಸ್ತಾ ನಿಂತೆ. ಎಲ್ಲ ನಗ್ತಿದ್ದರು. ಆ ನಗು ಬಿಟ್ಟು ಇಳಿದು ಬರೋಕೆ... ಮನಸ್ಸಾಗಲಿಲ್ಲ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿದೆ, ಹೀಗಿರಬೇಕು ಅಂತ ಬರೆದೆ. ಪಕ್ಕದ ಕಾಲಮ್ಮಿನಲ್ಲಿ ‘ಆಟಗಾರನ ಬಾಯಿಂದಲೇ ಕೇಳಿದ್ದು’ ಅಂತ ಇರುತ್ತೆ. ಅಲ್ಲಿ ಟಿಕ್ ಹಾಕಿದೆ.

ವಾರ ಬಿಟ್ಟು ನೀನೇ ಬಂದೆಯಲ್ಲ, ಕಾಮೆಂಟ್ರಿ ಕೋಣೆ ಬಾಗಿಲಿಗೆ, ಟೋಪಿ ಕೈಲಿ ಹಿಡ್ಕೊಂಡು. ‘ಆಮೇಲೆ ಬಾ, ಕೆಲಸ ಇದೆ’ ಅಂದೆ. ಸಾಹೇಬ್ರು ಏನಂತೆ ಅಂದರು. ‘ಏನಿಲ್ಲ ಸಾರ್, ಅವನೇ ಇಂಗ್ಲಿಷಿನವರಿಗೆ ಸುಲಭವಾಗಲಿ ಅಂತ ಹೆಸರು ಬದಲಾಯಿಸಿಕೊಂಡಿದ್ದಾನೆ’ ಅಂದೆ. ತಪ್ಪು ಒಪ್ಪಿಕೊಂಡರೆ ಕುರ್ಚಿ ಹೋಗ್ತಿತ್ತು. ಮತ್ತೆ ಕೇಬಲ್ ಹೊರೋದಾ? ಊರಲ್ಲೆಲ್ಲ ಹೇಳ್ಕೊಂಡಿದ್ದೆ, ಅಪ್ಪ ಎದೆ ಉಬ್ಬಿಸಿಕೊಂಡು ತಿರುಗ್ತಿದ್ದ...

ನಾಳೆ ಸರಿಮಾಡ್ತೀನಿ, ನಾಳೆ ಸರಿಮಾಡ್ತೀನಿ ಅಂತ. ದೇವರಾಣೆ, ಅಮ್ಮ ಕೇಳ್ತಿದ್ದಾಳೆ ಅಂತ ಗೊತ್ತಿದ್ದರೆ...

ಗೊತ್ತಿದ್ದರೂ ಬರ್ತಿದ್ದೆನೋ ಇಲ್ಲವೋ. ಏನು ಹೇಳ್ಲಿ.

ಎಲ್ಲಿಗೆ ಎದ್ದೆ? ಇರು. ಒಂದು ನಿಮಿಷ, ಉದ್ದಣ್ಣ. ನೀನು ಹೇಳಬೇಡ, ಬೇಡ ಬಿಡು. ನಾನೇ ಹೇಳ್ತೀನಿ, ನಿಂತು ಕೇಳು. ನನ್ನ ಕಿವಿ ಸುಳ್ಳಲ್ಲ ಕಣೋ. ಒಂದು ಸಲ ನೀನು ಫೋನಲ್ಲಿ ಅಕ್ಕನ ಜೊತೆ ಮಾತಾಡುವಾಗ, ಅವಳು ಆ ಕಡೆಯಿಂದ ಕರೆದದ್ದು ಅರ್ಧ ಕೇಳಿದ್ದೆ.

ಹೀಗಲ್ವಾ? ...

ಇಲ್ಲ? ಮೊದಲನೇ ಅಕ್ಷರ ಎಳೀಬೇಕಾ? ಹೀಗೆ? ...

ಬಾಗಿಲು ತೆಗೀಬೇಡ, ಇನ್ನೊಂದು ಸಲ. ಇದು? ...

ಇದೂ ಅಲ್ವಾ?