ದೂರದಿಂದ ಕಾಣುವ ಟೋಪಿ

ಅಂಗಡಿಯ ಬಿಲ್ ಕೌಂಟರಿನ ಸಾಲಿನಲ್ಲಿ ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು. ಬೇಸಿಗೆಯಲ್ಲಿ ಬೆಟ್ಟ ಹತ್ತಲು ಆಕೆಗೊಂದು ಟೋಪಿ ಬೇಕಿತ್ತು. ಪಕ್ಕದ ಕೊಕ್ಕೆಗಳಲ್ಲಿ ಹತ್ತಾರು ಟೋಪಿ ನೇತಾಡುತ್ತಿದ್ದವು.

“ಈ ಕೆಂಪುದು ತಗೋ. ಅಂಚು ಅಗಲ ಇದೆ.”

“ಬೂದು ಬಣ್ಣದ್ದೇ ಸಾಕು. ಹಗುರ ಇದೆ.”

“ಕೆಂಪಾದ್ರೆ ದೂರದಿಂದ್ಲೂ ಕಾಣುತ್ತೆ ಕಣೇ. ಹೋದ ಸಲದ ಥರ ಆಗ್ಬಾರ್ದು.”

“ಹೋದ ಸಲ ಏನಾಯ್ತು, ಹೇಳಿ ನೋಡೋಣ.”

“ನೀನು ಬಿಸಿಲಿಗೆ ತಲೆ ಸುತ್ತಿ ಬಿದ್ದೆ. ನಂಗೇನು ಕನಸು ಬಿದ್ದಿತ್ತಾ?”

“ನಿಮಗದು ಯಾವಾಗ ಗೊತ್ತಾಯ್ತು?”

“ತುದಿ ಮುಟ್ಟಿದ್ಮೇಲೆ. ನನ್ನದೊಂದು ಫೋಟೋ ತೆಗಿ ಅನ್ನೋಣ ಅಂದ್ರೆ ನೀನೇ ಇಲ್ಲ.”

“ಯಾರೋ ದಾರೀಲಿ ಹೋಗೋರು ನಂಗೆ ನೀರು ಕುಡಿಸಿದ್ರು.”

“ಎಷ್ಟು ಸಲ ಅಂತ ಅದನ್ನೇ ಹೇಳಿ ತಲೆ ತಿಂತೀಯ? ಅದಕ್ಕೇ ತಾನೆ ಕೆಂಪುದು ತಗೋ ಅಂತಿರೋದು!”

“ಬಣ್ಣ ಯಾವ್ದಾದ್ರೇನ್ರೀ? ಕಾಣ್ಬೇಕು ಅಂದ್ರೆ ನೀವು ತಿರುಗಿ ನೋಡ್ಬೇಕಲ್ಲ.”

ಸಾಲು ಮುಂದೆ ಸರಿಯಿತು. ಆತ ಕೆಂಪು ಟೋಪಿಗೇ ದುಡ್ಡು ಕೊಟ್ಟ. ಅದರ ದಾರವನ್ನು ಗದ್ದದ ಕೆಳಗೆ ಹೇಗೆ ಬಿಗಿಯಬೇಕೆಂದು ಹೇಳುತ್ತಲೇ ಬಾಗಿಲು ದಾಟಿ ರಸ್ತೆಗಿಳಿದ.

ಆಕೆ ಕದಲಲಿಲ್ಲ. ಹೊರಗೆ ಅವನ ಮಾತು ಇನ್ನೂ ನಡೆದೇ ಇತ್ತು.

“ಹಿಂದುಗಡೆ ಇನ್ನೊಂದು ಬಾಗಿಲಿದೆಯೇನಪ್ಪಾ?” ಎಂದು ಕೌಂಟರಿನವನನ್ನು ಕೇಳಿ, ಅವನು ಕೈ ತೋರಿಸಿದತ್ತ ನಡೆದುಹೋದಳು.