ಬಿಳಿ ಬಿಟ್ಟ ಗೋಡೆ

ಭಾನುವಾರವಾದ್ದರಿಂದ ಫತೇಗಂಜಿನ ಉಡುಪಿ ಹೋಟೆಲಿನಲ್ಲಿ ಕೂರಲು ಜಾಗವಿರಲಿಲ್ಲ. ಬಾಗಿಲ ಬಳಿಯ ಬೆಂಚಿನಲ್ಲಿ ಸರದಿ ಕಾಯುತ್ತಿದ್ದ ವಯಸ್ಸಾದ ಗಂಡ ಹೆಂಡತಿ ಕನ್ನಡದಲ್ಲಿ ಮಾತಾಡುತ್ತಿದ್ದುದು ಗಲ್ಲಾದಲ್ಲಿ ಕೂತಿದ್ದ ಜಯಂತಿಯ ಕಿವಿಗೆ ಬಿತ್ತು.

“ಸೇತುವೆ ಹತ್ರ ನೀವು ಚಿತ್ರ ಬರೆದ ಗೋಡೆ ನೋಡ್ಕೊಂಡು ಬಂದ್ರಾ?”

“ಬಂದೆ. ಕಾರ್ಪೊರೇಷನ್‌ನೋರು ಅದರ ಮೇಲೆ ನವಿಲು ಬರೆಸಿದ್ದಾರೆ.”

“ಅಯ್ಯೋ, ಎಲ್ಲಿ?”

“ನಾನು ಬಿಳಿ ಬಿಟ್ಟಿದ್ದ ಕಡೆಯೆಲ್ಲಾ. ಮೂಲೇಲಿದ್ದ ಕೆಂಪು ವೃತ್ತ ಹಾಗೇ ಇದೆ. ಅದನ್ನ ಸೂರ್ಯ ಮಾಡ್ಕೊಂಡಿದ್ದಾರೆ.”

“ಯಾಕಂತೆ?”

“ಡಿಸೈನರ್ ಕೆಲಸ ಅರ್ಧಕ್ಕೇ ಬಿಟ್ಟು ಹೋಗಿದ್ದಾನೆ ಅಂದ್ಕೊಂಡ್ರಂತೆ. ಪಾಪ, ಪೂರ್ತಿ ಮಾಡಿಕೊಟ್ಟಿದ್ದಾರೆ.”

ದಿನವೂ ಆ ಗೋಡೆಯ ಮುಂದೆಯೇ ಸ್ಕೂಟರಿನಲ್ಲಿ ಬರುವ ಜಯಂತಿಯೂ ಇಷ್ಟು ವರ್ಷ ಹಾಗೆಯೇ ಅಂದುಕೊಂಡಿದ್ದಳು.

“ಅದು ನಂದು ಅಂತ ಹೇಳಬಾರದಿತ್ತಾ?”

“ಏನಂತ ಹೇಳಲಿ ಮಂದಾಕಿನಿ? ಆ ಖಾಲಿ ಜಾಗ ಬರೆದೋನು ನಾನೇ ಅಂತಲಾ?”

“ಸೂರತ್ತಿಂದು ಫ್ಲೈಓವರ್ ಹಿಂದೆ ಮರೆಯಾಯ್ತು. ಅಹಮದಾಬಾದಿನದರ ಮೇಲೆ ಜಾಹೀರಾತು ಬಂತು. ಇದೊಂದು ಉಳಿದಿತ್ತು.”

“ಹೂಂ.”

“ಹೋಗ್ಲಿ, ನವಿಲಾದ್ರೂ ಚೆನ್ನಾಗಿದೆಯಾ?”

ಅಷ್ಟರಲ್ಲಿ ಒಂದು ಟೇಬಲ್ ಖಾಲಿಯಾಯಿತು. ಜಯಂತಿ ಕೈ ತೋರಿಸಿದಳು. ಅವರು ಮೊಣಕಾಲು ಹಿಡಿದುಕೊಂಡು ಎದ್ದು, ಹೆಂಡತಿಯ ಹಿಂದೆ ಒಳಗೆ ನಡೆಯುತ್ತಾ ಅಂದರು:

“ಚೆನ್ನಾಗೇ ಇದೆ ಕಣೇ. ಜನ ನಿಂತು ನೋಡ್ತಿದ್ರು. ನನ್ನ ಗೋಡೆ ಮುಂದೆ ಜನ ನಿಂತಿದ್ದನ್ನ ನಾನು ಇವತ್ತೇ ಮೊದಲು ನೋಡಿದ್ದು.”