ಪುಟದ ತಲೆಯ ಒಂಟಿ ಸಾಲು

ಮಾನ್ಯ ಅಧ್ಯಕ್ಷರೇ, ನಮ್ಮ ಅಚ್ಚುಕೂಟದ ಮಸಿಯ ವಾಸನೆಯನ್ನು ಬೆಳಗಿನಿಂದ ನಗುಮುಖದಲ್ಲೇ ಸಹಿಸಿಕೊಂಡಿರುವ ಮುಖ್ಯ ಅತಿಥಿಗಳೇ, ನನ್ನ ಜೊತೆಗೇ ಇಂದು ಸನ್ಮಾನಿತರಾದ ಹಿರಿಯ ಸಹೋದ್ಯೋಗಿಗಳೇ, ಕರಡು ತಿದ್ದುವ ವಿಭಾಗದ ಗೆಳತಿಯರೇ, ಯಂತ್ರದ ಕೋಣೆಯ ಗೆಳೆಯರೇ, ಹಿಂದಿನ ಸಾಲಿನಲ್ಲಿ ಕುಳಿತು ಚಹಾದ ದಾರಿ ಕಾಯುತ್ತಿರುವ ಸಭಿಕರೇ,

ನನಗೆ ಭಾಷಣ ಬಾರದು. ಹೀಗೆ ಹೇಳಿ ಶುರು ಮಾಡಿದವರೇ ಹೆಚ್ಚು ಹೊತ್ತು ಮಾತಾಡುತ್ತಾರೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಚಹಾ ಆರಿದರೆ ಕ್ಷಮಿಸಬೇಕು.

ಮೆಟ್ಟಿಲು ಹತ್ತುವಾಗ ಮುಖ್ಯ ಅತಿಥಿಗಳು ನನ್ನನ್ನು ಮೆಲ್ಲಗೆ ಕೇಳಿದರು: "ಅಲ್ಲಮ್ಮ, ಒಂದು ಪ್ರೋಗ್ರಾಂಗೆ ಬೀಳ್ಕೊಡುಗೆ ಸಮಾರಂಭ ಮಾಡ್ತಾರಾ?" ಮಾಡುತ್ತಾರೆ ಸ್ವಾಮಿ. ನಾವು ಮಾಡುತ್ತೇವೆ. ನಮ್ಮ ಪುಟ ಜೋಡಿಸುವ ಪ್ರೋಗ್ರಾಂ ಈ ಕಟ್ಟಡದಲ್ಲೇ ಹುಟ್ಟಿ, ಈ ಕಟ್ಟಡದಲ್ಲೇ ಬೆಳೆದದ್ದು. ಹಸ್ತಪ್ರತಿಯನ್ನು ಅದರ ಬಾಯಿಗೆ ಕೊಟ್ಟರೆ, ಯಾವ ಸಾಲು ಎಲ್ಲಿ ಮುರಿಯಬೇಕು, ಯಾವ ಪುಟ ಎಲ್ಲಿ ಮುಗಿಯಬೇಕು, ಅಡಿಟಿಪ್ಪಣಿ ಎಲ್ಲಿ ಕೂರಬೇಕು ಎಂದು ತಾನೇ ತೀರ್ಮಾನಿಸಿ ಪುಸ್ತಕದ ರೂಪ ಕೊಡುತ್ತಿತ್ತು. ನಾಳೆಯಿಂದ ಹೊಸ ಪ್ರೋಗ್ರಾಂ ಬರುತ್ತದೆ. ಅದು ಚುರುಕು, ಚೆಲುವು, ಮೇಲಾಗಿ ಮುನಿಸಿಕೊಳ್ಳುವುದಿಲ್ಲ. ಹಳೆಯದು ಮುನಿಸಿಕೊಳ್ಳುತ್ತಿತ್ತು. ಅದನ್ನು ಸಾಕಿದ ನಾವಿಬ್ಬರೂ ಮುನಿಸಿಕೊಳ್ಳುವವರೇ ಆಗಿದ್ದರಿಂದ ಅದರ ತಪ್ಪೇನೂ ಇಲ್ಲ.

ನಾವಿಬ್ಬರು ಎಂದೆ. ಹಿರಿಯ ಸಹೋದ್ಯೋಗಿ ಎಂದು ನಾನು ಈಗಷ್ಟೇ ಸಂಬೋಧಿಸಿದವರು ನನ್ನ ಒಡಹುಟ್ಟಿದ ಅಣ್ಣ. ಇದು ಇಲ್ಲಿ ಎಲ್ಲರಿಗೂ ಗೊತ್ತು. ನಾವಿಬ್ಬರೂ ಮಾತು ಬಿಟ್ಟಿದ್ದೇವೆ ಎಂಬುದೂ ಗೊತ್ತು. ಅಧ್ಯಕ್ಷರೇ, ನೀವು ನಮ್ಮಿಬ್ಬರ ನಡುವಿನ ಕುರ್ಚಿಯಲ್ಲಿ ಕುಳಿತಿರುವುದು ಬರೀ ಗೌರವಕ್ಕಲ್ಲ. ಕುರ್ಚಿ ಹಾಕಿದವರು ಮುಂದಾಲೋಚನೆ ಉಳ್ಳವರು.

ನಮ್ಮ ಮೊದಲ ಮೇಲಧಿಕಾರಿಯನ್ನು ನಾವು ಬೆನ್ನ ಹಿಂದೆ 'ಗಡಿಯಾರ' ಎನ್ನುತ್ತಿದ್ದೆವು. ಅವರು ತಡವಾಗಿ ಬಂದದ್ದನ್ನು ಕಂಡವರಿಲ್ಲ, ನಕ್ಕದ್ದನ್ನಂತೂ ಕಂಡವರೇ ಇಲ್ಲ. ಪ್ರೋಗ್ರಾಂ ಬರೆಯಲು ಅಣ್ಣನನ್ನೂ ನನ್ನನ್ನೂ ಕೂರಿಸಿದ ದಿನವೇ ಅವರು ಹೇಳಿದ್ದರು: "ಏನು ಬದಲಾಯಿಸಿದ್ರಿ, ಯಾಕೆ ಬದಲಾಯಿಸಿದ್ರಿ, ಯಾರು ಬದಲಾಯಿಸಿದ್ರಿ. ಬರೆದಿಡಿ. ಬರೆಯದ ಬದಲಾವಣೆ ಕಳ್ಳತನಕ್ಕೆ ಸಮ." ಹೀಗೆ ಶುರುವಾದದ್ದು ನಮ್ಮ ಬದಲಾವಣೆಗಳ ಚರಿತ್ರೆ. ಅದಕ್ಕೆ ಅವರದೇ ಕಟ್ಟುಪಾಡು. ಬರೆದದ್ದನ್ನು ಯಾರೂ ಅಳಿಸುವಂತಿಲ್ಲ. ಒಬ್ಬರ ಬದಲಾವಣೆಯಿಂದ ತೊಂದರೆಯಾದರೆ ಇನ್ನೊಬ್ಬರು ಅದನ್ನು ಹಿಂತೆಗೆಯಬಹುದು, ಆದರೆ ಕಾರಣ ಬರೆಯಬೇಕು. ಹಿಂತೆಗೆದದ್ದನ್ನು ಮತ್ತೆ ಸೇರಿಸುವ ಹಕ್ಕು ಮಾತ್ರ ಮೊದಲು ಬರೆದವರಿಗೇ. ಬೇರೆ ಯಾರೂ ಅದನ್ನು ಮುಟ್ಟಕೂಡದು. "ಅವರ ಮನಸ್ಸಲ್ಲಿ ಏನಿತ್ತು ಅಂತ ಅವರಿಗೇ ತಾನೆ ಗೊತ್ತು?" ಎನ್ನುತ್ತಿದ್ದರು ಗಡಿಯಾರ.

ಇದೆಲ್ಲ ಯಾಕೆ ಹೇಳುತ್ತಿದ್ದೇನೆ? ಇರಿ, ಬರುತ್ತೇನೆ. ಮೊದಲು ಅಪ್ಪನ ವಿಷಯ ಹೇಳಬೇಕು.

ನಮ್ಮ ಅಪ್ಪ ಇದೇ ಕಟ್ಟಡದ ಕೆಳಗಿನ ಕೋಣೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಈಗ ಅಲ್ಲಿ ಕಾಗದದ ಉರುಳೆಗಳನ್ನು ಪೇರಿಸಿದ್ದಾರೆ. ಶಾಲೆ ಬಿಟ್ಟ ಮೇಲೆ ಅಣ್ಣ, ನಾನು ಅವರ ಹತ್ತಿರ ಬರುತ್ತಿದ್ದೆವು. ಕಿಟಕಿಯ ಪಕ್ಕದ ಎತ್ತರದ ಮಣೆಯ ಮುಂದೆ ನಿಂತು ಅವರು ಒಂದೊಂದೇ ಅಕ್ಷರವನ್ನು ಖಾನೆಯಿಂದ ಎತ್ತಿ ಸಾಲು ಮಾಡುವುದನ್ನು ನೋಡುವುದೇ ನಮಗೆ ಹಬ್ಬ. ಕಣ್ಣು ಹಸ್ತಪ್ರತಿಯ ಮೇಲೆ, ಕೈ ಮೊಳೆಯ ಮೇಲೆ, ಬಾಯಲ್ಲಿ ನಮಗೆ ಬೈಗುಳ. ಮೂರೂ ಒಟ್ಟಿಗೆ ನಡೆಯುತ್ತಿದ್ದವು.

ಅಪ್ಪನಿಗೆ ಒಂದೇ ಒಂದು ಸೈರಿಸಲಾಗದ ವಿಷಯವಿತ್ತು. ಒಂದು ಪುಟ ಮುಗಿದು, ಪ್ಯಾರಾದ ಕಡೆಯ ಒಂದೇ ಸಾಲು ಮುಂದಿನ ಪುಟದ ತಲೆಗೆ ಹೋಗಿ ಒಂಟಿಯಾಗಿ ನಿಲ್ಲುವುದು. "ಬಾಗಿಲಲ್ಲಿ ನಿಂತ ನೆಂಟನ ಹಾಗೆ ಕಣಮ್ಮ ಅದು. ಒಳಗೆ ಕರಿ, ಇಲ್ಲಾ ಜೊತೆಗೊಬ್ಬನ್ನ ಕಳಿಸು. ಹಾಗೇ ನಿಲ್ಲಿಸಬಾರದು" ಎನ್ನುತ್ತಿದ್ದರು. ಸಾಲುಗಳ ನಡುವೆ ತೆಳು ಪಟ್ಟಿ ತುರುಕಿ, ತೆಗೆದು, ಮತ್ತೆ ತುರುಕಿ, ಹೇಗೋ ಆ ನೆಂಟನಿಗೆ ಜಾಗ ಮಾಡುತ್ತಿದ್ದರು. ಆಮೇಲೆ ಮೊಳೆಗಳ ಕಾಲ ಮುಗಿಯಿತು, ಅಪ್ಪ ಮನೆಯಲ್ಲಿ ಕುಳಿತರು, ಅವರ ಮಕ್ಕಳು ಮೇಲಿನ ಮಹಡಿಯಲ್ಲಿ ಪ್ರೋಗ್ರಾಂ ಬರೆದರು. ಆ ಪ್ರೋಗ್ರಾಂಗೆ ಈ ಸಂಗತಿ ಗೊತ್ತೇ ಇರಲಿಲ್ಲ. ಪ್ರತಿ ಹೊಸ ಪುಸ್ತಕವನ್ನೂ ಅಣ್ಣ ಮನೆಗೆ ಒಯ್ಯುತ್ತಿದ್ದ. ಅಪ್ಪ ಎಲ್ಲೋ ಒಂದು ಕಡೆ ತೆರೆದು, ಪುಟದ ತಲೆ ನೋಡಿ, "ಚ್ಚು" ಎನ್ನುತ್ತಿದ್ದರು. ಅಷ್ಟೇ. ಆ ಒಂದು "ಚ್ಚು" ಅಣ್ಣನ ನಿದ್ದೆ ಕೆಡಿಸುತ್ತಿತ್ತು.

ಅಪ್ಪ ಆಸ್ಪತ್ರೆ ಸೇರಿದಾಗ ಅಣ್ಣ ಹಟ ಹಿಡಿದು ಕುಳಿತು ಆ ಒಂಟಿ ಸಾಲಿಗೆ ಒಂದು ದಾರಿ ಕಂಡುಹಿಡಿದ. ಚರಿತ್ರೆಯಲ್ಲಿ ಬರೆದ: "ಪುಟದ ತಲೆಯಲ್ಲಿ ಒಂಟಿ ಸಾಲು ನಿಲ್ಲದಂತೆ ಮಾಡಿದೆ. ಕಾರಣ: ಅಪ್ಪ ನೋಡುತ್ತಾರೆ." ಗಡಿಯಾರ ಅದನ್ನು ಓದಿ, "ಅಪ್ಪ ಅನ್ನೋದು ತಾಂತ್ರಿಕ ಕಾರಣವೇನ್ರೀ?" ಎಂದು ಕೇಳಿದರು. "ನೀವು ನಮ್ಮಪ್ಪನ್ನ ನೋಡಿಲ್ಲ ಸಾರ್" ಎಂದ ಅಣ್ಣ. ಗಡಿಯಾರ ಆವತ್ತು ನಕ್ಕರು ಎಂದು ಕೆಲವರು ಹೇಳುತ್ತಾರೆ. ನಾನು ನೋಡಲಿಲ್ಲ.

ಆಗ ಮುದ್ರಣಕ್ಕೆ ಹೊರಟಿದ್ದದ್ದು ಔಷಧಿ ಗಿಡಗಳ ಒಂದು ದಪ್ಪ ಪುಸ್ತಕ, ಮರುಮುದ್ರಣ. ಮರುಮುದ್ರಣವಾದ್ದರಿಂದ ಹಿಂದಿನ ಸಲದ ಪದಸೂಚಿಯನ್ನೇ, ಅದರ ಪುಟಸಂಖ್ಯೆಗಳ ಸಮೇತ, ತಂದು ಕೊನೆಗೆ ಹಚ್ಚಿದ್ದೆವು. ಅದು ನಮ್ಮ ಪದ್ಧತಿ. ಅಣ್ಣನ ಹೊಸ ನಿಯಮ ಒಂಟಿ ಸಾಲುಗಳಿಗೆಲ್ಲ ಜಾಗ ಮಾಡಿಕೊಡುತ್ತ, ಮಾಡಿಕೊಡುತ್ತ, ಪುಟಗಳನ್ನು ಮುಂದೆ ಮುಂದೆ ತಳ್ಳಿಬಿಟ್ಟಿತ್ತು. ಕರಡು ತಿದ್ದುವ ಅಕ್ಕ ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದಳು. "ಕೆಮ್ಮಿನ ಸೊಪ್ಪು ಹುಡುಕಿದೋರು ನೆಟ್ಟಗೆ ವಿಷದ ಬೀಜದ ಪುಟಕ್ಕೆ ಹೋಗ್ತಾರಲ್ಲೇ! ಕೆಮ್ಮೇನೋ ನಿಲ್ಲುತ್ತೆ, ಉಸಿರೂ ನಿಲ್ಲುತ್ತೆ. ಅಚ್ಚು ಹಾಕೋಣವಾ?" ಎಂದು ಕೇಳಿದಳು.

ಯಂತ್ರಕ್ಕೆ ಕಾಗದ ಏರಿಸಿ ಆಗಿತ್ತು. ಅಣ್ಣ ಆಸ್ಪತ್ರೆಯಲ್ಲಿ ಅಪ್ಪನ ಪಕ್ಕದಲ್ಲಿದ್ದ. ಏದುಸಿರು ಬಿಡುತ್ತಿರುವ ತಂದೆಯ ಕೈ ಹಿಡಿದು ಕುಳಿತವನನ್ನು ಒಂದು ಪುಟದ ವಿಷಯಕ್ಕೆ ಕರೆಯುವುದೇ? ನಾನು ಹಿಂತೆಗೆದೆ. "ಕಾರಣ: ಪದಸೂಚಿಗೆ ಪುಟ ಹೊಂದುತ್ತಿಲ್ಲ, ಪುಸ್ತಕ ಇಂದೇ ಅಚ್ಚಿಗೆ" ಎಂದು ಬರೆದೆ. ಅದು ಸರಿಯಾದ ಕೆಲಸ. ಆವತ್ತೂ ಸರಿ, ಇವತ್ತೂ ಸರಿ. ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ಹೇಳುತ್ತಲೇ ಇದ್ದೇನಲ್ಲ.

ಆದರೆ ಸಭಿಕರೇ, ಅಣ್ಣ ಅಪ್ಪನಿಗೆ ಮಾತು ಕೊಟ್ಟಿದ್ದನಂತೆ. "ಈ ಸಲ ನೋಡಪ್ಪ, ಒಂದೇ ಒಂದು ಒಂಟಿ ಸಾಲು ಸಿಕ್ಕಿದರೆ ಕೇಳು" ಎಂದಿದ್ದನಂತೆ. ಆಗ ನನಗೆ ಅದು ತಿಳಿದಿರಲಿಲ್ಲ. ಮೊದಲ ಪ್ರತಿ ಕೈಗೆ ಬಂದ ಕೂಡಲೇ, ಒಳಗೆ ತೆರೆದೂ ನೋಡದೆ ಅವನು ಆಸ್ಪತ್ರೆಗೆ ಓಡಿದ. ಅಪ್ಪ ಪುಸ್ತಕವನ್ನು ಎದೆಯ ಮೇಲಿಟ್ಟುಕೊಂಡು ತೆರೆದರು. "ಇನ್ನೂ ಬಾಗಿಲಲ್ಲೇ ನಿಂತಿದ್ದಾನಲ್ಲೋ" ಎಂದರು. ನಕ್ಕರಂತೆ. ಅದೇ ವಾರ ಅವರು ಹೋದರು.

ಎಲ್ಲ ಮುಗಿದ ಮೇಲೆ ಅಣ್ಣ ನನ್ನ ಮುಖ ನೋಡಿ, "ಒಂದು ಮಾತು ಹೇಳಬಹುದಿತ್ತು" ಎಂದ. ಮುಖ ಕೊಟ್ಟು ಅವನು ನನಗೆ ಹೇಳಿದ ಕಡೆಯ ಮಾತು ಅದು. ನಾನೂ ಬಿಟ್ಟೆ. ಹಟ ನಮ್ಮ ಮನೆಯ ಪಿತ್ರಾರ್ಜಿತ. ಅಣ್ಣನಿಗೂ ನನಗೂ ಸಮಪಾಲು ಬಂದಿದೆ.

ಒಂದೇ ಕೋಣೆ, ನಡುವೆ ಒಂದು ಹಲಗೆಯ ಗೋಡೆ, ಆ ಕಡೆ ಅವನು, ಈ ಕಡೆ ನಾನು. ಮಾತಿಲ್ಲ. ಆದರೆ ಒಂದೇ ಪ್ರೋಗ್ರಾಂ ಸಾಕುವವರು ಮಾತಾಡದೆ ಇರುವುದಾದರೂ ಹೇಗೆ? ಕಟ್ಟುಪಾಡು ಇದೆಯಲ್ಲ, ಬದಲಾವಣೆ ಬರೆಯಲೇಬೇಕು. ಅವನು ಬರೆದ: "ಅಡಿಟಿಪ್ಪಣಿಗಳ ನಡುವಿನ ಜಾಗ ಸರಿ ಮಾಡಿದೆ. ಭಾನುವಾರ ಊಟಕ್ಕೆ ಬರಲು ನಿನ್ನ ಅತ್ತಿಗೆ ಹೇಳಿದ್ದಾಳೆ." ನಾನು ಬರೆದೆ: "ಕೋಷ್ಟಕದ ಗೆರೆ ದಪ್ಪವಾಗುತ್ತಿದ್ದುದನ್ನು ನಿಲ್ಲಿಸಿದೆ. ಬರುತ್ತೇನೆ." ಹೋದೆ ಕೂಡ. ಊಟಕ್ಕೆ ಎದುರುಬದುರು ಕುಳಿತು ಅಣ್ಣ ಅತ್ತಿಗೆಗೆ ಹೇಳುತ್ತಿದ್ದ, "ಅವಳಿಗೆ ಉಪ್ಪು ಬೇಕೇನೋ ಕೇಳು." ಅತ್ತಿಗೆ ಪಾಪ, ಉಪ್ಪನ್ನು ನಮ್ಮಿಬ್ಬರ ನಡುವೆ ಕುಕ್ಕಿ, "ನೀವೇ ಬರೆದುಕೊಳ್ಳಿ" ಎಂದು ಎದ್ದು ಹೋದಳು. ಹೀಗೆಯೇ ವರ್ಷಗಳು ಕಳೆದವು. ಅವನ ಮಗಳು ಹುಟ್ಟಿದ್ದು ನನಗೆ ತಿಳಿದದ್ದೂ, ಅಧ್ಯಾಯದ ತಲೆಬರಹ ನಡುವಿಗೆ ತಂದೆ ಎಂದು ಅವನು ಬರೆದ ಸಾಲಿನ ಕೊನೆಯಲ್ಲಿ.

ನನಗೊಂದು ಶಸ್ತ್ರಚಿಕಿತ್ಸೆ ಆಯಿತು. ಭಯವಿತ್ತು. ಯಾರಿಗೂ ತೋರಿಸಿಕೊಳ್ಳಲಿಲ್ಲ. ಕೆಲಸಕ್ಕೆ ಮರಳಿ ಬಂದು ಚರಿತ್ರೆ ತೆರೆದರೆ, ಅಲ್ಲೊಂದು ಸಾಲು: "ಇಂದು ಬದಲಾವಣೆ ಏನೂ ಇಲ್ಲ. ಕಾರಣ: ತಂಗಿ ಆಸ್ಪತ್ರೆಯಲ್ಲಿ." ಬದಲಾವಣೆ ಇಲ್ಲದಿದ್ದರೆ ಬರೆಯಬೇಕೆಂದು ಯಾವ ಕಟ್ಟುಪಾಡೂ ಹೇಳಿರಲಿಲ್ಲ. ನಾನು ಅತ್ತೆ. ಪರದೆಯ ಬೆಳಕು ಕಣ್ಣಿಗೆ ಚುಚ್ಚುತ್ತಿದೆ ಎಂದು ಕರಡು ತಿದ್ದುವ ಅಕ್ಕನಿಗೆ ಸುಳ್ಳು ಹೇಳಿದೆ. ಅವಳು ನಂಬಿದಂತೆ ನಟಿಸಿದಳು.

ಆಮೇಲೆ ನಾನೊಂದು ಕೆಲಸ ಮಾಡಿದೆ. ಹಳೆಯ ಪುಸ್ತಕಗಳಿಗೆ ಹಳೆಯ ನಿಯಮ, ಹೊಸ ಪುಸ್ತಕಗಳಿಗೆ ಹೊಸ ನಿಯಮ ಎಂದು ಪ್ರೋಗ್ರಾಂನಲ್ಲಿ ಎರಡು ದಾರಿ ಮಾಡಿದೆ. "ಕಾರಣ: ಹಿಂತೆಗೆದ ನಿಯಮವನ್ನು ಯಾರಾದರೂ ಮತ್ತೆ ಸೇರಿಸುವುದಿದ್ದರೆ ಇನ್ನು ಅಡ್ಡಿಯಿಲ್ಲ" ಎಂದೂ ಬರೆದೆ. ಯಾರಾದರೂ! ಆ ಹಕ್ಕು ಇದ್ದದ್ದು ಒಬ್ಬನಿಗೇ. ಅವನು ಸೇರಿಸಲಿಲ್ಲ. ಅವಳು ಬಾಯಿ ಬಿಟ್ಟು ಕೇಳಲಿ ಎಂದು ಅವನು, ಅವನೇ ತಿಳಿದು ಮಾಡಲಿ ಎಂದು ನಾನು. ಪುಸ್ತಕದ ಮೇಲೆ ಪುಸ್ತಕ ಅಚ್ಚಾಯಿತು, ನೆಂಟರು ಬಾಗಿಲಲ್ಲೇ ನಿಂತರು. ಹೊಸ ಪ್ರತಿ ಬಂದಾಗ ನಾನು ಈ ಕಡೆ ಪುಟ ತೆರೆದು "ಚ್ಚು" ಎನ್ನುತ್ತಿದ್ದೆ. ಹಲಗೆಯ ಆಚೆಯಿಂದಲೂ "ಚ್ಚು" ಎಂದು ಕೇಳುತ್ತಿತ್ತು. ಅಪ್ಪನೇ ಎರಡು ಕಡೆ ಕುಳಿತ ಹಾಗೆ.

ಹೊಸ ಪ್ರೋಗ್ರಾಂ ತಂದ ಎಂಜಿನಿಯರ್ ಹುಡುಗಿ ಮೊನ್ನೆ ನನ್ನನ್ನು ಕೇಳಿದಳು, "ಮೇಡಂ, ಇದರಲ್ಲಿ ಊಟ, ಆಸ್ಪತ್ರೆ ಅಂತೆಲ್ಲ ಇದೆ, ತೆಗೆದುಬಿಡಲಾ?" ನಾನು ಕಟ್ಟುಪಾಡು ಹೇಳಿದೆ. ಏನನ್ನೂ ತೆಗೆಯುವುದಿಲ್ಲ ಎಂದು ಅಧ್ಯಕ್ಷರೂ ಮಾತು ಕೊಟ್ಟಿದ್ದಾರೆ, ಅವರಿಗೆ ಋಣಿ. ಒಂಟಿ ಸಾಲಿನ ಬಗ್ಗೆಯೂ ಆ ಹುಡುಗಿಯನ್ನು ವಿಚಾರಿಸಿದೆ. "ಅಯ್ಯೋ, ಹೊಸದರಲ್ಲಿ ಅದು ತಾನಾಗೇ ಆಗುತ್ತೆ ಮೇಡಂ" ಎಂದಳು. ಅಂದರೆ ನಾಳೆಯಿಂದ ಅಣ್ಣನ ನಿಯಮ ಈ ಅಚ್ಚುಕೂಟದಲ್ಲಿ ಯಾರಿಗೂ ಬೇಕಾಗಿಲ್ಲ.

ನನಗೆ ಬೇಕು.

ಕಾರ್ಯಕ್ರಮ ಪಟ್ಟಿಯ ಪ್ರಕಾರ, ನನ್ನ ಮಾತು ಮುಗಿದ ಮೇಲೆ ಅಧ್ಯಕ್ಷರು ಅಗೋ ಆ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಚರಿತ್ರೆಯ ಕಡೆಯ ಸಾಲು ಬರೆಯುತ್ತಾರೆ. ಅದು ಈ ದೊಡ್ಡ ಪರದೆಯ ಮೇಲೆ ಕಾಣುತ್ತದೆ, ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ, ಚರಿತ್ರೆ ಮುಚ್ಚುತ್ತದೆ. ಮುಚ್ಚಿದ ಮೇಲೆ ಅಣ್ಣನ ಆ ಬದಲಾವಣೆ 'ಹಿಂತೆಗೆದಿದೆ' ಎಂದೇ ಉಳಿಯುತ್ತದೆ, ಎಂದೆಂದಿಗೂ. ಅದರ ಕೆಳಗೆ ನನ್ನ ಹೆಸರು. ಅಧ್ಯಕ್ಷರೇ, ಆ ಕಡೆಯ ಸಾಲನ್ನು ನನ್ನ ಅಣ್ಣನಿಗೆ ಬಿಟ್ಟುಕೊಡುವಿರಾ? ಆಗಲಿ ಎಂದು ತಲೆ ಆಡಿಸಿದಿರಿ. ನೀವು ದೊಡ್ಡವರು.

ಅಣ್ಣಾ.

ಒಂದು ಮಾತು ಹೇಳಬಹುದಿತ್ತು ಎಂದೆಯಲ್ಲ, ಈಗ ಹೇಳುತ್ತಿದ್ದೇನೆ. ಇಷ್ಟು ಜನರ ಮುಂದೆ, ಮೈಕಿನಲ್ಲಿ. ನೀನು ಬರೆದದ್ದನ್ನು ನೀನೇ ಮತ್ತೆ ಸೇರಿಸು. ನನಗೆ ಆ ಹಕ್ಕಿಲ್ಲ, ಇದ್ದಿದ್ದರೆ ಎಂದೋ ಸೇರಿಸುತ್ತಿದ್ದೆ. ಬಾರೋ.

ಅಧ್ಯಕ್ಷರೇ, ಕಾಲು ಸ್ವಲ್ಪ ಒಳಗೆಳೆದುಕೊಳ್ಳಿ, ಅವನಿಗೆ ದಾರಿ ಬೇಕು. ನಿಧಾನ, ಅಲ್ಲಿ ವೈರ್ ಇದೆ. ಏನು? ಸಭಿಕರೇ, ಕೇಳಿಸಿತೇ? "ಕನ್ನಡಕ ಮನೇಲಿ ಬಿಟ್ಟು ಬಂದಿದೀನಿ, ನಿಂದು ಕೊಡು" ಎನ್ನುತ್ತಿದ್ದಾನೆ. ನನಗೇ ಎನ್ನುತ್ತಿದ್ದಾನೆ. ತಗೋ.

ಕನ್ನಡಕ ಅವನ ಮೂಗಿನ ಮೇಲಿದೆ, ಹಾಗಾಗಿ ನಾನು ಬರೆದು ತಂದ ವಂದನೆಗಳ ಚೀಟಿ ಓದಲಾರೆ. ಬಾಯಿಗೆ ಬಂದವರನ್ನೆಲ್ಲ ನೆನೆಯುತ್ತೇನೆ. ಅಧ್ಯಕ್ಷರಿಗೆ, ಅತಿಥಿಗಳಿಗೆ, ಕರಡು ತಿದ್ದಿದ ಅಕ್ಕನಿಗೆ, ಉಪ್ಪು ಕುಕ್ಕಿದ ಅತ್ತಿಗೆಗೆ, ಈಗ ಇಲ್ಲದ ಗಡಿಯಾರ ಅವರಿಗೆ, ಚಹಾ ಆರಲು ಬಿಟ್ಟು ಕುಳಿತ ನಿಮಗೆಲ್ಲರಿಗೆ ನಾನು ಋಣಿ.

ಓಹೋ, ಬರೆದು ಮುಗಿಸಿದ. ದೂರದ್ದು ನನಗೆ ಕನ್ನಡಕ ಇಲ್ಲದೆಯೂ ಕಾಣುತ್ತದೆ. ಓದಿಬಿಡುತ್ತೇನೆ.

"ಪುಟದ ತಲೆಯಲ್ಲಿ ಒಂಟಿ ಸಾಲು ನಿಲ್ಲದ ನಿಯಮವನ್ನು ಮತ್ತೆ ಸೇರಿಸಿದೆ. ಕಾರಣ: ತಂಗಿ ಕೇಳಿದಳು."

ನಮಸ್ಕಾರ.